ಹೊರದೇಶದ ಮಾಲಿನ ಎದುರು ನಿಂತ ಸಣ್ಣ ಕಾರ್ಖಾನೆಗೆ ಯಾವ ಸರ್ಕಾರಿ ನೆರವು ಒಳ್ಳೆಯದು?

ಪೀಣ್ಯ, ಕಾಮಾಕ್ಷಿಪಾಳ್ಯ, ಬೊಮ್ಮಸಂದ್ರ, ಜಿಗಣಿ, ಎಲ್ಲಿ ಹೋದರೂ ಸಣ್ಣ ಕಾರ್ಖಾನೆಯವರ ಮಾತು ಈಗ ಒಂದೇ. ಚೀನಾದ ಪೀಸ್ ಚೆನ್ನೈ ಬಂದರಿನಲ್ಲಿ ಇಳಿಯುವ ಬೆಲೆಗೆ ನಮಗೆ ಇಲ್ಲಿ ಕಚ್ಚಾ ಮಾಲು ಕೂಡ ಸಿಗುವುದಿಲ್ಲ, ಅದರ ಮೇಲೆ ಕೂಲಿ, ಕರೆಂಟು, ಶೆಡ್ ಬಾಡಿಗೆ ಸೇರಿಸಿ ಕೊಟೇಶನ್ ಕೊಟ್ಟರೆ ಪಾರ್ಟಿ ಆಮೇಲೆ ಫೋನೇ ಎತ್ತುವುದಿಲ್ಲ. ಆಗ ಯಾರೋ ಹೇಳುತ್ತಾರೆ, ಸರ್ಕಾರದ ಸ್ಕೀಮ್ ಇದೆಯಲ್ಲ, ಅರ್ಜಿ ಹಾಕಿ ಅಂತ. ಸರಿ, ಯಾವ ಸ್ಕೀಮ್? ಅದನ್ನು ಯಾರೂ ಹೇಳುವುದಿಲ್ಲ. ಒಬ್ಬರು ಹೊಸ ಘಟಕಕ್ಕೆ ಸಬ್ಸಿಡಿ ಕೊಡುವ ಪಿಎಂಇಜಿಪಿ ಅನ್ನುತ್ತಾರೆ, ಇನ್ನೊಬ್ಬರು ಸಾಲಕ್ಕೆ ಗ್ಯಾರಂಟಿ ಕೊಡುವ ಸಿಜಿಟಿಎಂಎಸ್‌ಇ, ಮತ್ತೊಬ್ಬರು ಅಗ್ಗದ ಆಮದಿನ ಮೇಲೆ ಸುಂಕ ಹಾಕಿಸುವ ಆ್ಯಂಟಿ ಡಂಪಿಂಗ್ ಕೇಸ್ ಹಾಕಿ ಅನ್ನುತ್ತಾರೆ. ಈ ಮೂರಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲ.

ಹತ್ತು ಹದಿನೈದು ಜನ ಕೆಲಸಗಾರರಿರುವ ಶೆಡ್‌ಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಅಲ್ಲಿ ಕಂಡದ್ದರ ಮೇಲೆ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಾಲದ ಯೋಜನೆಗೆ ಓಡುವ ಮೊದಲು, ಬೇರೆಯವರ ಹತ್ತಿರ ಸಿಕ್ಕಿಕೊಂಡಿರುವ ನಿಮ್ಮದೇ ದುಡ್ಡು ವಾಪಸ್ ತರುವ ದಾರಿ ನೋಡಿ. ಅದು ಆದಮೇಲೆ ಹೊಸ ಗಿರಾಕಿ. ಅದಾದಮೇಲೆ ಮೆಷಿನ್, ಅಂದರೆ ಸಾಲ. ಆಮದು ಸುಂಕ ಹಾಕಿಸುವ ಹೋರಾಟ ಬೇಕೇ ಬೇಕು, ಆದರೆ ಅದನ್ನು ಒಬ್ಬರೇ ಮಾಡುವುದಕ್ಕೆ ಆಗುವುದಿಲ್ಲ, ಅದರ ಫಲಕ್ಕೆ ಕಾದು ಕೂತರೆ ತಿಂಗಳ ಸಂಬಳ ಕೊಡುವುದಕ್ಕೂ ಆಗುವುದಿಲ್ಲ.

ಮೊದಲು ಉದ್ಯಮ್

ಇದರಲ್ಲಿ ಆಯ್ಕೆ ಏನೂ ಇಲ್ಲ, ಎಲ್ಲರೂ ಮಾಡಿಸಬೇಕು. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ಇದೆ, ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು. ಇದಕ್ಕೆ ಎರಡು ಮೂರು ಸಾವಿರ ಕೇಳುವ ವೆಬ್‌ಸೈಟ್‌ಗಳಿಗೆ ದುಡ್ಡು ಕೊಡಬೇಡಿ, ಅವು ಸರ್ಕಾರದವಲ್ಲ.

2025ರ ಏಪ್ರಿಲ್ 1ರಿಂದ ವರ್ಗಗಳ ಮಿತಿ ಬದಲಾಗಿದೆ. ಯಂತ್ರೋಪಕರಣದ ಹೂಡಿಕೆ 2.5 ಕೋಟಿ ಮತ್ತು ವಹಿವಾಟು 10 ಕೋಟಿ ರೂಪಾಯಿವರೆಗೆ ಇದ್ದರೆ ನೀವು ಅತಿ ಸಣ್ಣ, ಅಂದರೆ ಮೈಕ್ರೋ. ಹೂಡಿಕೆ 25 ಕೋಟಿ, ವಹಿವಾಟು 100 ಕೋಟಿವರೆಗೆ ಸಣ್ಣ. 125 ಕೋಟಿ, 500 ಕೋಟಿವರೆಗೆ ಮಧ್ಯಮ. ರಫ್ತಿನ ವಹಿವಾಟನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಇದು ಯಾಕೆ ಮುಖ್ಯ ಅಂದರೆ, ಮುಂದೆ ಹೇಳುವ ಪೇಮೆಂಟ್ ಕಾನೂನಿನ ರಕ್ಷಣೆ ಮೈಕ್ರೋ ಮತ್ತು ಸಣ್ಣ ಘಟಕಗಳಿಗೆ ಮಾತ್ರ, ಮಧ್ಯಮ ವರ್ಗಕ್ಕೆ ಇಲ್ಲ. ಮಿತಿ ಏರಿದ್ದರಿಂದ ಮೊದಲು ಮಧ್ಯಮ ಅನ್ನಿಸಿಕೊಂಡಿದ್ದ ಕೆಲವರು ಈಗ ಸಣ್ಣ ವರ್ಗಕ್ಕೆ ವಾಪಸ್ ಬಂದಿದ್ದಾರೆ. ನಿಮ್ಮ ಸರ್ಟಿಫಿಕೇಟ್‌ನಲ್ಲಿ ಏನಿದೆ ಅಂತ ಒಮ್ಮೆ ತೆಗೆದು ನೋಡಿ.

ಸಿಕ್ಕಿಕೊಂಡ ದುಡ್ಡು: ಟ್ರೆಡ್ಸ್, ಸಮಾಧಾನ್, 43ಬಿ(ಎಚ್)

ಹೊರದೇಶದ ಮಾಲಿನ ಪೈಪೋಟಿಗೂ ಬಿಲ್ ಬಾಕಿಗೂ ಏನು ಸಂಬಂಧ ಅನ್ನಿಸಬಹುದು. ನೇರ ಸಂಬಂಧ ಇದೆ. 10 ಲಕ್ಷದ ಬಿಲ್ ಒಂದು 90 ದಿನ ತಡವಾಯಿತು ಅಂತಿಟ್ಟುಕೊಳ್ಳಿ. ನಿಮ್ಮ ಬ್ಯಾಂಕ್ ಓಡಿ (ಓವರ್‌ಡ್ರಾಫ್ಟ್) ಬಡ್ಡಿ ಶೇಕಡಾ 12 ಆದರೆ, ಆ ಒಂದು ಬಿಲ್‌ನಲ್ಲಿ ಸುಮಾರು 30,000 ರೂಪಾಯಿ ಬಡ್ಡಿಗೆ ಹೋಯಿತು. ಅಂದರೆ ಮಾಲಿನ ಬೆಲೆಯ ಶೇಕಡಾ 3. ಚೀನಾದ ಬೆಲೆಗೂ ನಿಮ್ಮ ಬೆಲೆಗೂ ಇರುವ ಅಂತರದಲ್ಲಿ ಈ ಶೇಕಡಾ 3 ಕೂಡ ಕೂತಿದೆ, ಮತ್ತು ಇದನ್ನು ಕಡಿಮೆ ಮಾಡುವುದಕ್ಕೆ ಕೇಂದ್ರದ ಯಾವ ಸಚಿವರ ಸಹಿಯೂ ಬೇಕಾಗಿಲ್ಲ.

ಕಾನೂನು 2006ರಿಂದಲೇ ಇದೆ. ಸಣ್ಣ ಉದ್ಯಮಗಳ ಎಂಎಸ್‌ಎಂಇಡಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರಿ ದುಡ್ಡು ಹಿಡಿದಿಡುವ ಹಾಗಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದೂ ತಿಂಗಳ ಲೆಕ್ಕದಲ್ಲಿ. ಓದುವುದಕ್ಕೆ ಚೆನ್ನಾಗಿದೆ. ಆದರೆ ಇದನ್ನು ಜಾರಿ ಮಾಡಿಸುವ ದಾರಿಗಳು ಮೂರು, ಅವುಗಳ ಸ್ವಭಾವ ಬೇರೆ ಬೇರೆ.

ಟ್ರೆಡ್ಸ್ ಅಂದರೆ ರಿಸರ್ವ್ ಬ್ಯಾಂಕ್ ಅನುಮತಿ ಪಡೆದ ಆನ್‌ಲೈನ್ ಬಿಲ್ ಡಿಸ್ಕೌಂಟಿಂಗ್. ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್ವಾಯ್ಸ್‌ಮಾರ್ಟ್ ಇವೆಲ್ಲ ಅಂಥ ವೇದಿಕೆಗಳು. ನೀವು ಇನ್ವಾಯ್ಸ್ ಹಾಕುತ್ತೀರಿ, ಪಾರ್ಟಿ ಹೌದು ಅಂತ ಒಪ್ಪುತ್ತದೆ, ಬ್ಯಾಂಕುಗಳು ಅದಕ್ಕೆ ಬಿಡ್ ಮಾಡುತ್ತವೆ, ನಿಮಗೆ ಬೇಗ ದುಡ್ಡು ಬರುತ್ತದೆ. ಮುಖ್ಯವಾದ ವಿಷಯ ಎರಡು. ಬಡ್ಡಿ ನಿರ್ಧಾರ ಆಗುವುದು ನಿಮ್ಮ ಹೆಸರಿನ ಮೇಲಲ್ಲ, ಕೊಳ್ಳುವ ದೊಡ್ಡ ಕಂಪನಿಯ ಹೆಸರಿನ ಮೇಲೆ, ಹಾಗಾಗಿ ಸಾಮಾನ್ಯವಾಗಿ ನಿಮ್ಮ ಓಡಿಗಿಂತ ಅಗ್ಗ. ಎರಡನೆಯದು, ನಾಳೆ ಆ ಕಂಪನಿ ದುಡ್ಡು ಕಟ್ಟದಿದ್ದರೆ ಬ್ಯಾಂಕ್ ನಿಮ್ಮ ಹಿಂದೆ ಬರುವುದಿಲ್ಲ. ಅಡಮಾನವೂ ಬೇಡ. 250 ಕೋಟಿಗಿಂತ ಜಾಸ್ತಿ ವಹಿವಾಟಿರುವ ಕಂಪನಿಗಳು ಮತ್ತು ಕೇಂದ್ರದ ಸಾರ್ವಜನಿಕ ಉದ್ದಿಮೆಗಳು ಟ್ರೆಡ್ಸ್‌ಗೆ ಸೇರುವುದು ಈಗ ಕಡ್ಡಾಯ. ಆದರೆ ಖಾಸಗಿ ಕಂಪನಿಗಳಿಗೆ ಸೇರುವುದು ಕಡ್ಡಾಯ, ಪ್ರತಿ ಬಿಲ್ಲನ್ನೂ ಅದರಲ್ಲೇ ಒಪ್ಪುವುದು ಕಡ್ಡಾಯ ಅಲ್ಲ. ಇಲ್ಲೇ ಕೆಲಸ ನಿಲ್ಲುವುದು. ಪರ್ಚೇಸ್ ಡಿಪಾರ್ಟ್‌ಮೆಂಟ್‌ನವರು ಮೆಟೀರಿಯಲ್ ಒಪ್ಪಿಕೊಂಡರೂ ಅಕೌಂಟ್ಸ್‌ನವರು ಟ್ರೆಡ್ಸ್‌ನಲ್ಲಿ ಒಪ್ಪಿಗೆ ಕೊಡುವುದು ಎಳೆಯುತ್ತಾರೆ. ಹಾಗಾಗಿ ಆರ್ಡರ್ ತಗೊಳ್ಳುವಾಗಲೇ ಪಿಓದಲ್ಲಿ (ಖರೀದಿ ಆದೇಶದಲ್ಲಿ) ಒಂದು ಸಾಲು ಬರೆಸಿಕೊಳ್ಳಿ, ಬಿಲ್ ಟ್ರೆಡ್ಸ್‌ನಲ್ಲಿ ಇಷ್ಟು ದಿನದೊಳಗೆ ಒಪ್ಪಬೇಕು ಅಂತ. ಮಾಲು ಹೋದಮೇಲೆ ಕೇಳಿದರೆ ನಿಮ್ಮ ಮಾತಿಗೆ ತೂಕ ಇರುವುದಿಲ್ಲ.

ಸಮಾಧಾನ್ ಪೋರ್ಟಲ್ 2017ರಿಂದ ಇದೆ, ದೂರು ಹಾಕುವ ಜಾಗ. ದೂರು ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗುತ್ತದೆ, ಮೊದಲು ರಾಜಿ, ಆಗದಿದ್ದರೆ ಪಂಚಾಯ್ತಿ ತೀರ್ಪು. ತೀರ್ಪಿನ ವಿರುದ್ಧ ಕೋರ್ಟಿಗೆ ಹೋಗಬೇಕಾದರೆ ಪಾರ್ಟಿ ಮೊದಲು ಆ ಮೊತ್ತದ ಶೇಕಡಾ 75 ಠೇವಣಿ ಇಡಬೇಕು. ಇದು ಈ ಕಾಯ್ದೆಯ ಅತ್ಯಂತ ಗಟ್ಟಿ ಭಾಗ. ಆದರೆ ಕಾನೂನು ಹೇಳುವ 90 ದಿನದಲ್ಲಿ ಮುಗಿಯುತ್ತದೆ ಅಂತ ಲೆಕ್ಕ ಹಾಕಬೇಡಿ. ಇನ್ನೊಂದು, ದೂರು ಕೊಟ್ಟ ದಿನವೇ ಆ ಗಿರಾಕಿ ಕೈತಪ್ಪಿದ ಅಂತ ತಿಳಿದುಕೊಂಡೇ ಹೋಗಬೇಕು. ಆದ್ದರಿಂದ ನನ್ನ ಸಲಹೆ, ಸಂಬಂಧ ಮುಂದುವರಿಯಬೇಕಾದ ಪಾರ್ಟಿಗೆ ಟ್ರೆಡ್ಸ್, ಮುಗಿದುಹೋದ ಸಂಬಂಧದ ಹಳೇ ಬಾಕಿಗೆ ಸಮಾಧಾನ್.

ಮೂರನೆಯದು ಆದಾಯ ತೆರಿಗೆ ಕಾನೂನಿನಲ್ಲಿ 2024ರ ಏಪ್ರಿಲ್ 1ರಿಂದ ಬಂದ 43ಬಿ(ಎಚ್) ನಿಯಮ. ಮೈಕ್ರೋ ಅಥವಾ ಸಣ್ಣ ತಯಾರಕರಿಗೆ ಮೇಲಿನ ಗಡುವಿನೊಳಗೆ ದುಡ್ಡು ಕೊಡದೆ ವರ್ಷ ದಾಟಿಸಿದರೆ, ಕೊಂಡವರಿಗೆ ಆ ಖರ್ಚು ಆ ವರ್ಷದ ಲೆಕ್ಕದಲ್ಲಿ ಸಿಗುವುದಿಲ್ಲ, ದುಡ್ಡು ಕೊಟ್ಟ ವರ್ಷಕ್ಕೇ ಸಿಗುವುದು. ಅಂದರೆ ಅವರ ತೆರಿಗೆ ಏರುತ್ತದೆ. ನೀವು ಏನೂ ಅರ್ಜಿ ಹಾಕಬೇಕಾಗಿಲ್ಲ, ಜಗಳ ಆಡಬೇಕಾಗಿಲ್ಲ. ಇನ್ವಾಯ್ಸ್ ಮೇಲೆ ಉದ್ಯಮ್ ನಂಬರ್ ಮತ್ತು ವರ್ಗ ಸ್ಪಷ್ಟವಾಗಿ ಅಚ್ಚು ಹಾಕಿಸಿ, ಫೆಬ್ರವರಿಯಲ್ಲಿ ಒಂದು ವಿನಯದ ಇಮೇಲ್ ಕಳಿಸಿ, ಪಾರ್ಟಿಯ ಆಡಿಟರ್ ಉಳಿದದ್ದು ನೋಡಿಕೊಳ್ಳುತ್ತಾರೆ. ಇದರ ಅಡ್ಡ ಪರಿಣಾಮವೂ ಇದೆ. ಉದ್ಯಮ್ ನೋಂದಣಿ ರದ್ದು ಮಾಡಿಸಿಕೊಂಡು ಬಂದರೆ ಆರ್ಡರ್ ಕೊಡುತ್ತೇವೆ ಅನ್ನುವ ಖರೀದಿದಾರರಿದ್ದಾರೆ. ದಯವಿಟ್ಟು ಒಪ್ಪಬೇಡಿ. ನೋಂದಣಿ ಕೈಬಿಟ್ಟರೆ ಈ ಪುಟದಲ್ಲಿ ಹೇಳುತ್ತಿರುವ ಹೆಚ್ಚಿನ ಬಾಗಿಲುಗಳು ಒಟ್ಟಿಗೇ ಮುಚ್ಚುತ್ತವೆ.

ಆಮದಿಗೆ ತಡೆ ಹಾಕಿಸುವುದು

ಹೆಚ್ಚಿನವರು ಮೊದಲು ಕೇಳುವುದು ಇದನ್ನೇ. ಸರ್ಕಾರ ಯಾಕೆ ಚೀನಾ ಮಾಲು ನಿಲ್ಲಿಸುವುದಿಲ್ಲ? ನ್ಯಾಯವಾದ ಪ್ರಶ್ನೆ. ಇದರಲ್ಲೂ ದಾರಿಗಳು ಬೇರೆ ಬೇರೆ.

ಆ್ಯಂಟಿ ಡಂಪಿಂಗ್ ಸುಂಕ ಸಿಗುವುದು, ಒಂದು ದೇಶದವರು ತಮ್ಮ ಊರಲ್ಲಿ ಮಾರುವುದಕ್ಕಿಂತ ಕಡಿಮೆ ಬೆಲೆಗೆ ಇಲ್ಲಿ ತಂದು ಸುರಿದು, ಅದರಿಂದ ಇಲ್ಲಿನ ಉದ್ಯಮಕ್ಕೆ ಪೆಟ್ಟು ಬಿದ್ದಿದೆ ಅಂತ ಸಾಬೀತು ಮಾಡಿದಾಗ. ಅರ್ಜಿ ಹೋಗುವುದು ದೆಹಲಿಯ ಡಿಜಿಟಿಆರ್, ಅಂದರೆ ವಾಣಿಜ್ಯ ಸಚಿವಾಲಯದ ತನಿಖಾ ಕಚೇರಿಗೆ, ತನಿಖೆಗೆ ಸಾಮಾನ್ಯವಾಗಿ ಒಂದು ವರ್ಷ, ಅದು 18 ತಿಂಗಳವರೆಗೂ ಹೋಗಬಹುದು. ಅವರು ಶಿಫಾರಸು ಮಾಡುತ್ತಾರೆ, ಸುಂಕ ಹಾಕುವ ತೀರ್ಮಾನ ಹಣಕಾಸು ಸಚಿವಾಲಯದ್ದು. ಸಿಕ್ಕರೆ ಐದು ವರ್ಷದವರೆಗೆ ಇರುತ್ತದೆ. ಕಷ್ಟ ಎಲ್ಲಿದೆ ಅಂದರೆ, ಅರ್ಜಿಯನ್ನು ಬೆಂಬಲಿಸುವ ತಯಾರಕರ ಉತ್ಪಾದನೆ ದೇಶದ ಒಟ್ಟು ಉತ್ಪಾದನೆಯ ಶೇಕಡಾ 25ಕ್ಕಿಂತ ಕಡಿಮೆ ಇರಬಾರದು. ಮೂರು ನಾಲ್ಕು ದೊಡ್ಡ ಕಂಪನಿಗಳೇ ಮಾಡುವ ರಾಸಾಯನಿಕಕ್ಕೆ ಇದು ಸುಲಭ. ಊರೂರಲ್ಲಿ ಸಾವಿರಾರು ಶೆಡ್‌ಗಳು ಮಾಡುವ ಹಿಂಜ್, ವಾಲ್ವ್, ಎಲ್‌ಇಡಿ ಫಿಟ್ಟಿಂಗ್‌ಗೆ ಯಾರು ಲೆಕ್ಕ ಕೊಡುತ್ತಾರೆ? ಚದುರಿದ ಉದ್ಯಮಗಳಿಗೆ ಸಂಘದ ಮೂಲಕ ಅರ್ಜಿ ಹಾಕುವ ಅವಕಾಶ ಮಾಡಿಕೊಟ್ಟಿದ್ದಾರೆ, ಆದ್ದರಿಂದ ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ, ಪೀಣ್ಯ ಕೈಗಾರಿಕಾ ಸಂಘದಂಥ ಕಡೆ ನಿಮ್ಮ ಉತ್ಪನ್ನದವರೆಲ್ಲ ಸೇರಿ ಅಂಕಿಅಂಶ ಕೂಡಿಸಿದರೆ ಮಾತ್ರ ಇದು ಮುಂದೆ ಹೋಗುವ ವಿಷಯ. ನಿಮ್ಮ ಪಾಲಿನ ಕೆಲಸ ಅಂದರೆ ಯಾವ ತಿಂಗಳು ಯಾವ ಆರ್ಡರ್ ಯಾವ ಬೆಲೆಗೆ ಕೈತಪ್ಪಿತು ಅಂತ ದಾಖಲೆ ಇಟ್ಟುಕೊಳ್ಳುವುದು. ಬಾಯಿಮಾತಿನ ನಷ್ಟ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಸೇಫ್‌ಗಾರ್ಡ್ ಸುಂಕ ಇನ್ನೊಂದು. ಆಮದು ಏಕಾಏಕಿ ಏರಿದಾಗ ಹಾಕುವ ತಾತ್ಕಾಲಿಕ ತಡೆ. ಇದರ ಹೊಸ ಉದಾಹರಣೆ ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತು. 2025ರ ಏಪ್ರಿಲ್ 21ರಿಂದ ಕೇಂದ್ರ ಸರ್ಕಾರ ಉಕ್ಕಿನ ಶೀಟು, ಕಾಯಿಲ್, ಪ್ಲೇಟ್‌ಗಳ ಆಮದಿನ ಮೇಲೆ 200 ದಿನಕ್ಕೆ ಶೇಕಡಾ 12 ಸುಂಕ ಹಾಕಿತು, ಆಮೇಲೆ ಮೂರು ವರ್ಷಕ್ಕೆ ಶೇಕಡಾ 12, 11.5, 11 ಅಂತ ಇಳಿಯುವ ದರ ಗೊತ್ತುಮಾಡಿತು. ಇದರಿಂದ ಉಸಿರಾಡಿದ್ದು ದೊಡ್ಡ ಉಕ್ಕು ಕಂಪನಿಗಳು. ಆ ಉಕ್ಕು ಕೊಂಡು ಪ್ರೆಸ್ ಪಾರ್ಟ್, ಪ್ಯಾನೆಲ್ ಬೋರ್ಡ್, ಫ್ಯಾಬ್ರಿಕೇಶನ್ ಮಾಡುವ ಪೀಣ್ಯದವರಿಗೆ ಅಗ್ಗದ ಆಮದು ಉಕ್ಕಿನ ದಾರಿ ಕಿರಿದಾಯಿತು, ಆದರೆ ಅದೇ ಪಾರ್ಟನ್ನು ಸಿದ್ಧ ರೂಪದಲ್ಲಿ ಚೀನಾದಿಂದ ತರುವವರಿಗೆ ಈ ಸುಂಕ ತಟ್ಟುವುದಿಲ್ಲ. ಕಚ್ಚಾ ಮಾಲಿಗೆ ರಕ್ಷಣೆ, ಸಿದ್ಧ ಮಾಲಿಗೆ ಇಲ್ಲ ಅಂದರೆ ನಡುವೆ ಸಿಕ್ಕಿಕೊಳ್ಳುವುದು ಸಣ್ಣವರೇ ಅಲ್ವಾ. ಸಣ್ಣ ಉದ್ಯಮದ ಸಂಘಗಳು ಈ ವಿಷಯದಲ್ಲಿ ಇನ್ನೂ ಗಟ್ಟಿಯಾಗಿ ದನಿ ಎತ್ತಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಮೂರನೆಯದು ಕ್ವಾಲಿಟಿ ಕಂಟ್ರೋಲ್ ಆರ್ಡರ್, ಅಂದರೆ ಬಿಐಎಸ್ ಗುಣಮಟ್ಟದ ಗುರುತು ಇಲ್ಲದೆ ಮಾರುವ ಹಾಗಿಲ್ಲ ಅನ್ನುವ ಆದೇಶ. ಇದು ಆಮದನ್ನೂ ತಡೆಯುತ್ತದೆ, ಇಲ್ಲಿನವರ ಮೇಲೂ ಬೀಳುತ್ತದೆ. ಆಟಿಕೆಯ ಕಥೆ ನೋಡಿ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು, 2021ರ ಜನವರಿ 1ರಿಂದ ಬಿಐಎಸ್ ಗುರುತು ಕಡ್ಡಾಯವಾಯಿತು. ಅಗ್ಗದ ಚೀನೀ ಆಟಿಕೆಗಳ ಹರಿವು ನಿಜವಾಗಲೂ ಕಡಿಮೆಯಾಯಿತು. ಚನ್ನಪಟ್ಟಣದ ಬೊಂಬೆಯವರಿಗೆ, ಅಂದರೆ ಭೌಗೋಳಿಕ ಗುರುತಿನ ಮತ್ತು ನೋಂದಾಯಿತ ಕರಕುಶಲಕರ್ಮಿಗಳಿಗೆ, ಆದೇಶದಿಂದ ವಿನಾಯಿತಿ ಸಿಕ್ಕಿತು. ಆದರೆ ಬೆಂಗಳೂರಿನಲ್ಲಿ ಮೋಲ್ಡಿಂಗ್ ಮೆಷಿನ್ ಇಟ್ಟುಕೊಂಡು ಪ್ಲಾಸ್ಟಿಕ್ ಆಟಿಕೆ ಮಾಡುವ ಸಣ್ಣವರು ಲೈಸೆನ್ಸ್, ಟೆಸ್ಟಿಂಗ್, ಲ್ಯಾಬ್ ಖರ್ಚು ಎಲ್ಲ ಹೊರಬೇಕಾಯಿತು. ಹಾಗಾಗಿ ನಿಮ್ಮ ಉತ್ಪನ್ನಕ್ಕೆ ಇಂಥ ಆದೇಶ ಬರಲಿದೆ ಅಂತ ಗೊತ್ತಾದರೆ ಕರಡು ಬಂದಾಗಲೇ ಓದಿ. ಸಾಮಾನ್ಯವಾಗಿ ಸಣ್ಣ ಮತ್ತು ಮೈಕ್ರೋ ಘಟಕಗಳಿಗೆ ಹೆಚ್ಚುವರಿ ಸಮಯ ಕೊಟ್ಟಿರುತ್ತಾರೆ. ಆ ಸಮಯದಲ್ಲಿ ಲೈಸೆನ್ಸ್ ಮಾಡಿಸಿಕೊಂಡವರಿಗೆ ಆಮೇಲೆ ಮಾರುಕಟ್ಟೆ ತೆರೆಯುತ್ತದೆ, ಸುಮ್ನೆ ಕೂತವರಿಗೆ ಅದೇ ಆದೇಶ ಬಾಗಿಲು ಮುಚ್ಚುತ್ತದೆ.

ಈ ಮೂರರಲ್ಲಿ ಸಣ್ಣವರು ಒಬ್ಬೊಬ್ಬರೇ ಲಾಭ ಮಾಡಿಕೊಳ್ಳಬಹುದಾದದ್ದು ಕೊನೆಯದೊಂದೇ.

ಹೊಸ ಗಿರಾಕಿ: ಸರ್ಕಾರವೇ ಕೊಳ್ಳುವುದು, ಅಥವಾ ರಫ್ತು

ಬೆಂಗಳೂರಿಗೆ ಒಂದು ಅನುಕೂಲ ಇದೆ, ಬೇರೆ ಊರಿನವರಿಗೆ ಇಲ್ಲ. ಎಚ್‌ಎಎಲ್, ಬಿಇಎಲ್, ಬಿಇಎಂಎಲ್, ಇಸ್ರೋ ಎಲ್ಲ ಇಲ್ಲೇ ಇವೆ. 2012ರ ಸಾರ್ವಜನಿಕ ಖರೀದಿ ನೀತಿಯ ಪ್ರಕಾರ ಕೇಂದ್ರದ ಇಲಾಖೆಗಳು ಮತ್ತು ಉದ್ದಿಮೆಗಳು ವರ್ಷದ ಖರೀದಿಯ ಶೇಕಡಾ 25 ಮೈಕ್ರೋ ಮತ್ತು ಸಣ್ಣ ಘಟಕಗಳಿಂದ ಕೊಳ್ಳಬೇಕು. ಅದರಲ್ಲಿ ಶೇಕಡಾ 4 ಪರಿಶಿಷ್ಟ ಜಾತಿ ಮತ್ತು ಪಂಗಡದವರಿಂದ, ಶೇಕಡಾ 3 ಮಹಿಳೆಯರಿಂದ. 358 ವಸ್ತುಗಳು ಸಣ್ಣವರಿಗೇ ಮೀಸಲು. ಟೆಂಡರ್ ಫಾರಂ ಉಚಿತ, ಇಎಂಡಿ (ಟೆಂಡರ್ ಠೇವಣಿ) ಕಟ್ಟಬೇಕಾಗಿಲ್ಲ. ನಿಮ್ಮ ಬೆಲೆ ಅತಿ ಕಡಿಮೆ ಬೆಲೆಗಿಂತ ಶೇಕಡಾ 15ರೊಳಗೆ ಜಾಸ್ತಿ ಇದ್ದರೆ, ಆ ಕಡಿಮೆ ಬೆಲೆಗೆ ಒಪ್ಪಿಕೊಂಡು ಒಂದು ಪಾಲು ಪಡೆಯುವ ಅವಕಾಶವೂ ಇದೆ.

ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ ಮತ್ತು ಸೃಜನ್ ಪೋರ್ಟಲ್ ಇವೆರಡರ ನಡುವೆ ಕೇಳಿದರೆ, ಎಂಜಿನಿಯರಿಂಗ್ ಶೆಡ್‌ನವರಿಗೆ ನಾನು ಸೃಜನ್ ಅನ್ನುತ್ತೇನೆ. ಜೆಮ್‌ನಲ್ಲಿ ಕುರ್ಚಿ, ಫ್ಯಾನು, ಸ್ಟೇಷನರಿ ಥರದ ಸಿದ್ಧ ಮಾಲಿಗೆ ವ್ಯಾಪಾರ ಚೆನ್ನಾಗಿದೆ, ಆದರೆ ಅಲ್ಲಿ ನಿಮ್ಮ ಎದುರು ಬಿಡ್ ಮಾಡುವವರಲ್ಲಿ ಹೊರಗಿನ ಮಾಲಿಗೆ ಲೇಬಲ್ ಹಚ್ಚಿ ಮಾರುವ ವ್ಯಾಪಾರಿಗಳೂ ಇರುತ್ತಾರೆ, ಬೆಲೆ ಕೆಳಗೆ ಹೋಗುತ್ತಲೇ ಇರುತ್ತದೆ. ಸೃಜನ್ ರಕ್ಷಣಾ ಸಚಿವಾಲಯದ್ದು, 2020ರಲ್ಲಿ ಶುರುವಾಯಿತು. ಇಷ್ಟು ದಿನ ನಾವು ಹೊರದೇಶದಿಂದ ತರಿಸುತ್ತಿರುವ ಬಿಡಿಭಾಗ ಇವು, ಯಾರಾದರೂ ಮಾಡಿಕೊಡುತ್ತೀರಾ ಅಂತ ಎಚ್‌ಎಎಲ್, ಬಿಇಎಲ್‌ನಂಥ ಸಂಸ್ಥೆಗಳೇ ಪಟ್ಟಿ ಹಾಕುತ್ತವೆ. ಅಂದರೆ ನಿಮ್ಮ ಪೈಪೋಟಿ ಇರುವ ಆಮದು ಮಾಲಿನ ಹೆಸರು, ಬೇಡಿಕೆ ಎರಡೂ ಕಣ್ಣೆದುರು ಇವೆ. ಸಮಯ ಹಿಡಿಯುತ್ತದೆ, ಸ್ಯಾಂಪಲ್, ಇನ್‌ಸ್ಪೆಕ್ಷನ್, ವೆಂಡರ್ ನೋಂದಣಿ ಅಂತ ಓಡಾಟ ಇದೆ, ಸಂಖ್ಯೆ ಕಡಿಮೆ. ಆದರೆ ಒಮ್ಮೆ ಪಾರ್ಟ್ ಪಾಸಾದರೆ ಐದು ಪೈಸೆಯ ವ್ಯತ್ಯಾಸಕ್ಕೆ ನಿಮ್ಮನ್ನು ಯಾರೂ ಬಿಡುವುದಿಲ್ಲ. ಟೂಲಿಂಗ್ ಮತ್ತು ಟೆಸ್ಟಿಂಗ್‌ಗೆ ರಾಜಾಜಿನಗರದ ಜಿಟಿಟಿಸಿ, ತುಮಕೂರು ರಸ್ತೆಯ ಸಿಎಂಟಿಐ ಹತ್ತಿರದಲ್ಲೇ ಇವೆ. ಅಲ್ಲಿಗೆ ಹೋಗಿ ಕೇಳಿ, ಸಂಕೋಚ ಬೇಡ.

ರಫ್ತು ಮಾಡುವವರಿಗೆ ನೆರವಿನ ಹೆಸರುಗಳು ಜಾಸ್ತಿ. ಸರಳವಾದದ್ದು, ಕಟ್ಟಿದ ಸುಂಕ ತೆರಿಗೆ ವಾಪಸ್ ಕೊಡುವ ಡ್ಯೂಟಿ ಡ್ರಾಬ್ಯಾಕ್ ಮತ್ತು 2021ರಿಂದ ಬಂದ ರೋಡ್‌ಟೆಪ್. ಎರಡನ್ನೂ ಶಿಪ್ಪಿಂಗ್ ಬಿಲ್‌ನಲ್ಲೇ ಕೇಳಬೇಕು, ಕೇಳುವುದು ಮರೆತರೆ ಆಮೇಲೆ ತಿದ್ದಿಸುವುದು ತಲೆನೋವು. ಅಡ್ವಾನ್ಸ್ ಆಥರೈಸೇಶನ್‌ನಲ್ಲಿ ಕಚ್ಚಾ ಮಾಲನ್ನು ಸುಂಕ ಇಲ್ಲದೆ ತರಿಸಿ, ಕನಿಷ್ಠ ಶೇಕಡಾ 15 ಮೌಲ್ಯ ಸೇರಿಸಿ 18 ತಿಂಗಳಲ್ಲಿ ರಫ್ತು ಮಾಡಬೇಕು. ಆಮದು ಕಚ್ಚಾ ಮಾಲೇ ನಿಮ್ಮ ದೊಡ್ಡ ಖರ್ಚಾದರೆ ಮಾತ್ರ ಇದು ಸರಿ. ಇಪಿಸಿಜಿಯಲ್ಲಿ ಮೆಷಿನ್ ಸುಂಕ ಇಲ್ಲದೆ ಬರುತ್ತದೆ, ಆದರೆ ಉಳಿಸಿದ ಸುಂಕದ ಆರು ಪಟ್ಟು ಮೊತ್ತದ ರಫ್ತನ್ನು ಆರು ವರ್ಷದಲ್ಲಿ ಮಾಡಿ ತೋರಿಸಬೇಕು. 5 ಲಕ್ಷ ಉಳಿಸಿದರೆ 30 ಲಕ್ಷದ ರಫ್ತು. ಆಗದಿದ್ದರೆ ಸುಂಕ ಬಡ್ಡಿ ಸಮೇತ ಕಟ್ಟಬೇಕು. ಒಬ್ಬನೇ ವಿದೇಶಿ ಗಿರಾಕಿಯನ್ನು ನಂಬಿಕೊಂಡಿರುವವರು ಇದಕ್ಕೆ ಕೈ ಹಾಕುವುದು ಬೇಡ. 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಬಹಳಷ್ಟು ಸರಕಿನ ಮೇಲಿನ ಸುಂಕವನ್ನು ಶೇಕಡಾ 50ಕ್ಕೆ ಏರಿಸಿದಾಗ ಏನಾಯಿತು ಅಂತ ಎಲ್ಲರೂ ನೋಡಿದ್ದೇವೆ, ಬುಕ್ ಆಗಿದ್ದ ಆರ್ಡರ್‌ಗಳೇ ನಿಂತವು.

ಬಡ್ಡಿ ರಿಯಾಯಿತಿ ಕೊಡುತ್ತಿದ್ದ ಹಳೇ ಇಂಟರೆಸ್ಟ್ ಈಕ್ವಲೈಸೇಶನ್ ಯೋಜನೆ 2024ರ ಡಿಸೆಂಬರ್‌ಗೆ ಮುಗಿಯಿತು. ಇನ್ನೂ ಕೆಲವು ಏಜೆಂಟರು ಅದರ ಹೆಸರು ಹೇಳುತ್ತಾರೆ. ಅದರ ಜಾಗಕ್ಕೆ 2025ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ 25,060 ಕೋಟಿ ರೂಪಾಯಿಯ ರಫ್ತು ಉತ್ತೇಜನ ಮಿಷನ್ ಒಪ್ಪಿತು. ಅದರಲ್ಲಿ ಹಣಕಾಸಿನ ನೆರವಿಗೆ ನಿರ್ಯಾತ್ ಪ್ರೋತ್ಸಾಹನ್, ಮಾರುಕಟ್ಟೆ, ಸರ್ಟಿಫಿಕೇಟ್, ಮೇಳಗಳಿಗೆ ನಿರ್ಯಾತ್ ದಿಶಾ ಅಂತ ಎರಡು ಭಾಗ. ನಿಮ್ಮ ಬ್ಯಾಂಕ್ ಮ್ಯಾನೇಜರಿಗೆ ಈ ಹೆಸರು ಹೇಳಿಯೇ ಕೇಳಿ.

ಯುರೋಪಿಗೆ ಬೋಲ್ಟು, ನಟ್ಟು, ಸ್ಕ್ರೂ ಕಳಿಸುವವರಿಗೆ ಒಂದು ಬೇರೆ ಮಾತು. ಅಲ್ಲಿನ ಕಾರ್ಬನ್ ತೆರಿಗೆ, ಸಿಬಿಎಎಂ, 2026ರ ಜನವರಿ 1ರಿಂದ ಪೂರ್ತಿ ಜಾರಿಗೆ ಬಂದಿದೆ, ಈ ವಸ್ತುಗಳು ಅದರ ಪಟ್ಟಿಯಲ್ಲಿವೆ. ಅಲ್ಲಿನ ಆಮದುದಾರ ಪಟ್ಟಿಯ ಮಾಲನ್ನು ವರ್ಷಕ್ಕೆ ಒಟ್ಟು 50 ಟನ್ ಒಳಗೆ ತರಿಸಿದರೆ ವಿನಾಯಿತಿ ಇದೆ. ಆ 50 ಟನ್ ನಿಮ್ಮದಲ್ಲ, ಅವರದು. ಹಾಗಾಗಿ ಅವರನ್ನೇ ಕೇಳಿ ತಿಳಿದುಕೊಂಡು ಆಮೇಲೆ ಬೆಲೆ ಹೇಳಿ.

ಸಾಲ: ಯಾವುದು ಯಾರಿಗೆ

ಪಿಎಂಇಜಿಪಿ ಹೊಸ ಘಟಕಕ್ಕೆ ಮಾತ್ರ. ತಯಾರಿಕೆಗೆ 50 ಲಕ್ಷದವರೆಗಿನ ಯೋಜನೆ, ಸಾಮಾನ್ಯ ವರ್ಗಕ್ಕೆ ನಗರದಲ್ಲಿ ಶೇಕಡಾ 15, ಹಳ್ಳಿಯಲ್ಲಿ 25 ಸಬ್ಸಿಡಿ. ಮಹಿಳೆಯರು, ಪರಿಶಿಷ್ಟರು ಮೊದಲಾದ ವಿಶೇಷ ವರ್ಗಕ್ಕೆ 25 ಮತ್ತು 35. ಈಗಾಗಲೇ ಲೇತ್ ಓಡಿಸುತ್ತಿರುವ ನಿಮಗೆ ಇದು ಸಿಗುವುದಿಲ್ಲ. ಮೊದಲು ಇದೇ ಯೋಜನೆಯಲ್ಲಿ ಅಥವಾ ಮುದ್ರಾದಲ್ಲಿ ಸಾಲ ತಗೊಂಡು ತೀರಿಸಿದವರಿಗೆ 1 ಕೋಟಿವರೆಗಿನ ಎರಡನೇ ಸಾಲ ಇತ್ತು. ಯೋಜನೆ ಮಂಜೂರಾಗಿದ್ದು 2025-26ರವರೆಗೆ, ಆದ್ದರಿಂದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಈಗಿನ ಸ್ಥಿತಿ ಕೇಳಿಕೊಂಡೇ ಅರ್ಜಿ ಹಾಕಿ.

ಸಿಜಿಟಿಎಂಎಸ್‌ಇ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಅದು ಸಾಲವೂ ಅಲ್ಲ, ಸಬ್ಸಿಡಿಯೂ ಅಲ್ಲ. ಅಡಮಾನ ಇಲ್ಲದೆ ಬ್ಯಾಂಕ್ ನಿಮಗೆ ಸಾಲ ಕೊಡಲಿ ಅಂತ ಬ್ಯಾಂಕಿಗೆ ಕೊಡುವ ಗ್ಯಾರಂಟಿ. ಮಿತಿ 2025ರ ಏಪ್ರಿಲ್‌ನಿಂದ 5 ಕೋಟಿಯಿಂದ 10 ಕೋಟಿಗೆ ಏರಿದೆ. ವರ್ಷಕ್ಕೊಂದು ಫೀ ಇದೆ, ಸಾಲ ದೊಡ್ಡದಾದಷ್ಟೂ ಫೀ ದರ ಜಾಸ್ತಿ, ಅದು ಕೊನೆಗೆ ನಿಮ್ಮ ತಲೆ ಮೇಲೆಯೇ ಬರುತ್ತದೆ. ನೀವು ಸಾಲ ಕಟ್ಟದಿದ್ದರೆ ಗ್ಯಾರಂಟಿ ಬ್ಯಾಂಕನ್ನು ಕಾಪಾಡುತ್ತದೆ, ನಿಮ್ಮನ್ನಲ್ಲ, ವಸೂಲಿ ಮುಂದುವರಿಯುತ್ತದೆ. ಮನೆ ಪತ್ರ ಇಡುವುದಕ್ಕೆ ಇಷ್ಟ ಇಲ್ಲದವರಿಗೆ ಇದು ಒಳ್ಳೆಯದು. ಮ್ಯಾನೇಜರ್ ಅಡಮಾನವೂ ಬೇಕು, ಗ್ಯಾರಂಟಿಯೂ ಬೇಕು ಅಂದರೆ, ಗ್ಯಾರಂಟಿ ಅಡಿ ಬರುವ ಸಾಲಕ್ಕೆ ಆಸ್ತಿ ಪತ್ರ ಯಾಕೆ ಅಂತ ಲಿಖಿತವಾಗಿ ಕೇಳಿ.

ದೊಡ್ಡ ಮೆಷಿನ್‌ಗೆ 2025ರ ಜನವರಿಯಲ್ಲಿ ಬಂದ ಮ್ಯೂಚುಯಲ್ ಕ್ರೆಡಿಟ್ ಗ್ಯಾರಂಟಿ ಇದೆ, 100 ಕೋಟಿವರೆಗಿನ ಸಾಲಕ್ಕೆ ಶೇಕಡಾ 60 ಗ್ಯಾರಂಟಿ, ಅದು ಬಂದಾಗಿನ ನಿಯಮದ ಪ್ರಕಾರ ಯೋಜನೆ ಖರ್ಚಿನ ಶೇಕಡಾ 75 ಯಂತ್ರೋಪಕರಣಕ್ಕೇ ಹೋಗಬೇಕಿತ್ತು. ಮಧ್ಯಮ ಘಟಕಗಳಿಗೆ ಹೊಂದುತ್ತದೆ. ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪಂಗಡದವರು ಬೇರೆ ಬ್ಯಾಂಕಿಗಿಂತ ಮೊದಲು ರಾಜ್ಯದ ಹಣಕಾಸು ಸಂಸ್ಥೆ ಕೆಎಸ್‌ಎಫ್‌ಸಿಗೆ ಹೋಗಿ, ರಾಜ್ಯ ಸರ್ಕಾರದ ಬಡ್ಡಿ ಸಹಾಯಧನ ಅಲ್ಲಿ ಸಿಗುತ್ತದೆ.

ಪಿಎಲ್‌ಐ, ಅಂದರೆ ಉತ್ಪಾದನೆಗೆ ತಕ್ಕ ಪ್ರೋತ್ಸಾಹಧನದ ಬಗ್ಗೆ ಕೇಳುವವರಿಗೆ ಒಂದೇ ಮಾತು, ಅದರ ಹೂಡಿಕೆ ಮಿತಿಗಳು ನಮ್ಮ ಅಳತೆಯವಲ್ಲ. ಪಿಎಲ್‌ಐ ಪಡೆದ ಕಂಪನಿಗೆ ಸಪ್ಲೈ ಮಾಡುವವರಾಗಿ ಸೇರಿಕೊಳ್ಳುವುದೇ ದಾರಿ.

ರಾಜ್ಯದ 2025-30ರ ಕೈಗಾರಿಕಾ ನೀತಿಯಲ್ಲಿ ಬೆಂಗಳೂರು ನಗರ ಮೂರನೇ ವಲಯ, ಪ್ರೋತ್ಸಾಹಧನದ ಒತ್ತು ಇರುವುದು ಹೊರಗಿನ ತಾಲೂಕುಗಳ ಮೇಲೆ. ಶೆಡ್ ಬಾಡಿಗೆಯೇ ಹಿಂಡುತ್ತಿದ್ದರೆ ಮಾಲೂರು, ಗೌರಿಬಿದನೂರು, ವಸಂತನರಸಾಪುರದ ಲೆಕ್ಕ ಒಮ್ಮೆ ಹಾಕಿ ನೋಡಿ. ಆದರೆ ನುರಿತ ಸೆಟ್ಟರ್, ಆಪರೇಟರ್ ನಿಮ್ಮ ಜೊತೆ ಬರುತ್ತಾರಾ ಅಂತ ಅವರನ್ನು ಮೊದಲು ಕೇಳಿ, ಸಬ್ಸಿಡಿಗಿಂತ ಅವರು ಮುಖ್ಯ.

ಝೆಡ್ ಮತ್ತು ಲೀನ್

ಗುಣಮಟ್ಟಕ್ಕೆ ಕೇಂದ್ರ ಕೊಡುವ ಝೆಡ್ ಸರ್ಟಿಫಿಕೇಟ್‌ನ ಕಂಚು 10,000, ಬೆಳ್ಳಿ 40,000, ಚಿನ್ನ 90,000 ರೂಪಾಯಿ. ಮೈಕ್ರೋ ಘಟಕಕ್ಕೆ ಶೇಕಡಾ 80, ಸಣ್ಣದಕ್ಕೆ 60, ಮಧ್ಯಮಕ್ಕೆ 50 ಸಬ್ಸಿಡಿ, ಮಹಿಳೆಯರ ಘಟಕಕ್ಕೆ ಪೂರ್ತಿ ಉಚಿತ. ಕಂಚು ಮಾಡಿಸಿಕೊಳ್ಳಿ, ಆದರೆ ಅದರಿಂದ ಆರ್ಡರ್ ಬರುತ್ತದೆ ಅಂದುಕೊಳ್ಳಬೇಡಿ, ದೊಡ್ಡ ಪಾರ್ಟಿಗಳು ಕೇಳುವುದು ಐಎಸ್‌ಒ 9001, ವಿಮಾನದ ಪಾರ್ಟ್‌ಗೆ ಎಎಸ್ 9100. ಪೋಲು ಕಡಿಮೆ ಮಾಡಿಸುವ ಲೀನ್ ಯೋಜನೆಯಲ್ಲಿ ಸಲಹೆಗಾರರ ಖರ್ಚಿನ ಶೇಕಡಾ 90 ಸರ್ಕಾರ ಕೊಡುತ್ತದೆ. ಸ್ಕ್ರ್ಯಾಪ್ ಎಷ್ಟು ಹೋಗುತ್ತಿದೆ, ಸೆಟ್ಟಿಂಗ್‌ಗೆ ಎಷ್ಟು ಗಂಟೆ ಹೋಗುತ್ತಿದೆ ಅಂತ ಹೊರಗಿನವರೊಬ್ಬರು ಬಂದು ನೋಡಿದರೆ ಬೆಲೆ ನಿಜವಾಗಲೂ ಇಳಿಯುತ್ತದೆ. ಎರಡರಲ್ಲಿ ಒಂದೇ ಅಂದರೆ ನಾನು ಲೀನ್ ಆರಿಸುತ್ತೇನೆ.

ಹಾಗಾದರೆ ನೀವು?

ಕಾಮಾಕ್ಷಿಪಾಳ್ಯದಲ್ಲಿ ಎಂಟು ಜನ ಇಟ್ಟುಕೊಂಡು ಒಂದೇ ದೊಡ್ಡ ಕಂಪನಿಗೆ ಟರ್ನಿಂಗ್ ಜಾಬ್ ಮಾಡುವವರು, ಬಿಲ್ ನೂರು ದಿನಕ್ಕೆ ಬರುತ್ತಿದೆ ಅಂದರೆ, ಟ್ರೆಡ್ಸ್ ಮೊದಲು, 43ಬಿ(ಎಚ್) ಇಮೇಲ್ ಜೊತೆಗೆ. ಹೊಸ ಸಿಎನ್‌ಸಿ ಸಾಲ ಈಗ ಬೇಡ. ಆರು ತಿಂಗಳು ದುಡ್ಡು ಸರಿಯಾಗಿ ತಿರುಗಿದ ಮೇಲೆ, ಎರಡನೇ ಗಿರಾಕಿ ಸಿಕ್ಕಮೇಲೆ ಸಿಜಿಟಿಎಂಎಸ್‌ಇ ಅಡಿ ಸಾಲ ಕೇಳಿ.

ಪೀಣ್ಯದಲ್ಲಿ ಎಲೆಕ್ಟ್ರಿಕಲ್ ಫಿಟ್ಟಿಂಗ್ ಮಾಡಿ, ಅಂಗಡಿಗಳಲ್ಲಿ ಚೀನಾ ಮಾಲಿನ ಎದುರು ಸೋಲುತ್ತಿರುವವರು ಬಿಐಎಸ್ ಆದೇಶದ ಮೇಲೆ ಕಣ್ಣಿಡಿ, ಲೀನ್ ಮಾಡಿಸಿ, ನಿಮ್ಮ ಉತ್ಪನ್ನದ ಇನ್ನಷ್ಟು ಜನರನ್ನು ಸಂಘದಲ್ಲಿ ಸೇರಿಸಿ ಆ್ಯಂಟಿ ಡಂಪಿಂಗ್ ಅಂಕಿಅಂಶ ಕಲೆಹಾಕುವ ಕೆಲಸ ಈಗಲೇ ಶುರು ಮಾಡಿ. ಟೂಲ್‌ರೂಮ್, ಫಿಕ್ಸ್ಚರ್, ನಿಖರ ಕೆಲಸದವರು ಸೃಜನ್ ಪಟ್ಟಿಯಲ್ಲಿ ನಿಮ್ಮ ಮೆಷಿನ್‌ಗೆ ಹೊಂದುವ ಒಂದೆರಡು ಪಾರ್ಟ್ ಆರಿಸಿ.

ರಫ್ತಿನವರು ಕಸ್ಟಮ್ಸ್ ಬ್ರೋಕರ್ ಹತ್ತಿರ ನಿಮ್ಮ ಮಾಲಿನ ಎಚ್‌ಎಸ್ ಕೋಡ್ (ಕಸ್ಟಮ್ಸ್ ವರ್ಗದ ಸಂಖ್ಯೆ) ಕೊಟ್ಟು ಎರಡು ಪ್ರಶ್ನೆ ಕೇಳಿ. ಅಮೆರಿಕದಲ್ಲಿ ಇವತ್ತು ಎಷ್ಟು ಸುಂಕ, ಯುಎಇ ಮತ್ತು ಆಸ್ಟ್ರೇಲಿಯಾದಲ್ಲಿ ಎಷ್ಟು. 2022ರಲ್ಲಿ ಜಾರಿಗೆ ಬಂದ ಒಪ್ಪಂದಗಳಿಂದ ಆ ಎರಡು ದೇಶಗಳಲ್ಲಿ ನಮ್ಮ ಬಹಳಷ್ಟು ಸರಕಿಗೆ ಸುಂಕ ಇಲ್ಲ, ಬೇಕಾಗುವುದು ಸರ್ಟಿಫಿಕೇಟ್ ಆಫ್ ಒರಿಜಿನ್ ಒಂದೇ, ಅದನ್ನು ಆನ್‌ಲೈನ್‌ನಲ್ಲೇ ಪಡೆಯಬಹುದು.

ಸಬ್ಸಿಡಿ ಮಂಜೂರು ಮಾಡಿಸಿಕೊಡುತ್ತೇನೆ, ಶೇಕಡಾ ಹತ್ತು ಕೊಡಿ ಅಂತ ಮುಂಗಡ ಕೇಳುವವರು ಬಂದರೆ ಕಳಿಸಿಬಿಡಿ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲೂ, ರಾಜಾಜಿನಗರದ ಎಂಎಸ್‌ಎಂಇ ಕಚೇರಿಯಲ್ಲೂ ಮಾಹಿತಿಗೆ ದುಡ್ಡಿಲ್ಲ. ಹೋಗುವಾಗ ಉದ್ಯಮ್ ಸರ್ಟಿಫಿಕೇಟ್, ಮೂರು ವರ್ಷದ ಬ್ಯಾಲೆನ್ಸ್ ಶೀಟ್, ಒಂದು ವರ್ಷದ ಜಿಎಸ್‌ಟಿ ರಿಟರ್ನ್, ಬಾಕಿ ಬಿಲ್‌ಗಳ ಪಟ್ಟಿ ದಿನಾಂಕದ ಸಮೇತ ಒಂದು ಫೈಲ್‌ನಲ್ಲಿ ಇಟ್ಟುಕೊಂಡು ಹೋಗಿ.